ಅಥೀನಾಗೆ ಅಡ್ಡ ನಿಂತವಳು

ಸಿರಿಲ್ ಲೆಗೆಟ್‌ಗೆ ಮನುಷ್ಯಜಾತಿಯ ಮೇಲೆ ಇದ್ದ ತಕರಾರು ಒಂದೇ: ಅದು ವಿಮಾನಗಳ ಮುಂದೆ ನಿಲ್ಲುತ್ತದೆ.

ಎಂಥೆಂಥ ಅಪರೂಪದ ಯುದ್ಧವಿಮಾನಗಳು! ಮೂರೋ ನಾಲ್ಕೋ ತಯಾರಾಗಿ, ನಾಲ್ಕು ಜನರ ಕಣ್ಣಿಗೆ ಬೀಳುವ ಮೊದಲೇ ಗುಜರಿ ಸೇರಿದ ಪುಣ್ಯಜೀವಿಗಳು. ಅಂಥದ್ದರ ಫೋಟೊ ಒಂದು ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕಿತೆಂದು ಸಿರಿಲ್ ಸೈಕಲ್ ತುಳಿದುಕೊಂಡು ಓಡಿದರೆ, ಆ ಮನೆಯ ಚಿಕ್ಕಪ್ಪ ಪೈಪು ಕಚ್ಚಿಕೊಂಡು ಸರಿಯಾಗಿ ಎಂಜಿನ್ನಿಗೆ ಅಡ್ಡ ನಿಂತಿರುತ್ತಿದ್ದ. ಮುಖದ ತುಂಬ ನಗು ಬೇರೆ. "ಈ ಮನುಷ್ಯ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿದ್ರೆ ಇವನ ಗಂಟೇನು ಹೋಗ್ತಿತ್ತು?" ಎಂದು ಸಿರಿಲ್ ಹಲುಬುತ್ತಿದ್ದ. ಆ ಚಿಕ್ಕಪ್ಪ ಅದೇ ವಿಮಾನದಲ್ಲಿ ಹೋದವನು ವಾಪಸು ಬರಲಿಲ್ಲ ಎಂದು ಮನೆಯವರು ಕಣ್ಣೊರೆಸಿಕೊಂಡಾಗ, "ಅಯ್ಯೋ ಪಾಪ. ಹೋಗೋ ಮುಂಚೆ ಹಿಂದಿನ ಗಾಲಿ ಒಳಗೆ ಮಡಚ್ತಿತ್ತಾ ಇಲ್ವಾ ಅಂತೇನಾದ್ರೂ ಹೇಳಿದ್ರಾ?" ಎಂದು ಕೇಳಿದ ಮಹಾನುಭಾವ ಅವನು.

ಫೋಟೊದ ಅಂಚಿನಲ್ಲಿ ನಿಂತವರ ವಿಷಯ ಸುಲಭ. ಅವರಿಗೆ ಕತ್ತರಿ. ಹೆಂಡತಿ ಮ್ಯೂರಿಯಲ್ಲಳ ಹೊಲಿಗೆ ಕತ್ತರಿಯಿಂದಲೇ ಎಷ್ಟೋ ಚಿಕ್ಕಪ್ಪಂದಿರು, ಅತ್ತೆಯರು, ಒಬ್ಬ ಪಾದ್ರಿ, ಎರಡು ನಾಯಿಗಳು ಚರಿತ್ರೆಯಿಂದ ನಿರ್ಗಮಿಸಿದ್ದರು. (ಕತ್ತರಿ ಮೊಂಡಾಯಿತೆಂದು ಮ್ಯೂರಿಯಲ್ ಕೂಗಾಡಿದ್ದು ಉಂಟು. ನಾಯಿಗಳಿಗಾಗಿ ಮರುಗಿದ್ದೂ ಅವಳೊಬ್ಬಳೇ.)

ಲಿಂಕನ್‌ಷೈರಿನ ಆ ಪುಟ್ಟ ಊರು ಥಾರ್ಪ್‌ಬಿಯಲ್ಲಿ ಇದನ್ನೆಲ್ಲ ಹುಚ್ಚು ಎಂದು ಯಾರೂ ಅನ್ನುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಊರ ಸುತ್ತ ಎರಡು ಹೊಲಕ್ಕೊಂದು ವಿಮಾನದಾಣ ಇತ್ತು. ಗಂಡಸರು ಮೇಲೆ ನೋಡುತ್ತ ನಡೆದು ಚರಂಡಿಗೆ ಬೀಳುವುದು ಅಲ್ಲಿ ಮರ್ಯಾದಸ್ಥ ಅಭ್ಯಾಸ. ಬಿದ್ದವನನ್ನು ಎತ್ತುವವರು ಮೊದಲು ಕೇಳುತ್ತಿದ್ದುದು "ಏಟಾಯ್ತಾ?" ಎಂದಲ್ಲ, "ಯಾವುದು ಹೋಗಿದ್ದು?" ಎಂದು.

ಇಂಥವರೆಲ್ಲ ಸೇರಿ ಕಟ್ಟಿಕೊಂಡದ್ದೇ ಥಾರ್ಪ್‌ಬಿ ವಿಮಾನ ಗುರುತು ಸಂಘ. ತಿಂಗಳಿಗೊಮ್ಮೆ ಮೆಥಡಿಸ್ಟ್ ಚರ್ಚಿನ ಹಿಂದಿನ ಹಾಲಿನಲ್ಲಿ ಸಭೆ. ಗೋಡೆಗೆ ಬಿಳಿ ಪರದೆ ಕಟ್ಟಿ ಹಳೆಯ ಫೋಟೊಗಳನ್ನು ದೊಡ್ಡದಾಗಿ ಬಿಡುತ್ತಾರೆ. ಯಾವ ವಿಮಾನ ಎಂದು ಸದಸ್ಯರು ಹೇಳಬೇಕು. ಬಾಲದ ತುದಿ, ರೆಕ್ಕೆಯ ಒಂದು ಮೂಲೆ, ಮಂಜಿನಲ್ಲಿ ಕಂಡ ಮೂತಿ, ಇಷ್ಟಿದ್ದರೆ ಸಾಕು. ಹೆಂಡಂದಿರಿಗೆ ಸದಸ್ಯತ್ವ ಇರಲಿಲ್ಲ. ಅವರಿಗೆ ಚಹಾ ಕಾಯಿಸುವ ಹಕ್ಕು ಮಾತ್ರ ಇತ್ತು, ಅದನ್ನು ಯಾರೂ ಅವರಿಂದ ಕಸಿದುಕೊಂಡಿರಲಿಲ್ಲ.

ವರ್ಷಕ್ಕೊಮ್ಮೆ ಮಹಾಸ್ಪರ್ಧೆ. ಬಹುಮಾನ ಒಂದು ಬಾಂಬರ್ ವಿಮಾನದ ಹಿಂದಿನ ಗಾಲಿ. ಟಯರು, ಇರುಸು, ತುಕ್ಕು ಎಲ್ಲ ಸಮೇತ. ಕಳೆದ ಎಂಟು ವರ್ಷಗಳಿಂದ ಆ ಗಾಲಿ ಲೆಗೆಟ್ ದಂಪತಿಯ ಊಟದ ಕೋಣೆಯ ಬೀರುವಿನ ಮೇಲೆ ಕೂತಿತ್ತು. ಬೀರು ನಡುವೆ ಬಾಗಿತ್ತು. ಸಿರಿಲ್ ನಡುವೆ ನೆಟ್ಟಗಾಗಿದ್ದ.

ಸ್ಪರ್ಧೆಯಲ್ಲಿ ಅವನಿಗೆ ಒಬ್ಬನೇ ಎದುರಾಳಿ, ಕಸಾಯಿ ಅಂಗಡಿಯ ಡೆಸ್ಮಂಡ್ ಪಾಕ್‌ಲಿಂಗ್ಟನ್. ಒಮ್ಮೆ ಇಬ್ಬರೂ ಸಮ ಸಮ ಬಂದಾಗ, ವಿಮಾನದ ಕಿಟಕಿಯೊಳಗೆ ಕಂಡ ಮೀಸೆಯೊಂದನ್ನು ನೋಡಿ ಸಿರಿಲ್ ಆ ಪೈಲಟ್‌ನ ಹೆಸರು, ಹುದ್ದೆ, ಬಿರುದು ಎಲ್ಲ ಒದರಿಬಿಟ್ಟಿದ್ದ. ಅದಕ್ಕೆ ಅಂಕ ಕೊಡುವ ನಿಯಮ ಇರಲಿಲ್ಲ. ಸಿರಿಲ್ ಎದ್ದು ನಿಂತು ಒಂದು ಭಾಷಣ ಬಿಗಿದ. "ಗುರುತಿಸೋದು ಅಂದ್ರೆ ಏನು ಮಹನೀಯರೇ? ಬರೀ ಹೆಸರು ಹೇಳೋದಾ? ಯಾವ ವಿಮಾನ, ಯಾವ ಜಾಗ, ಯಾವ ವರ್ಷ, ಚಿತ್ರದಲ್ಲಿ ಯಾರಿದ್ದಾರೆ, ಈ ನಾಲ್ಕೂ ಹೇಳಿದ್ರೆ ಅದು ಗುರುತಿಸೋದು!" ಸಭೆ ಚಪ್ಪಾಳೆ ತಟ್ಟಿತು. ಅಂದಿನಿಂದ ಕೊನೆಯ ಫೋಟೊಗೆ ನಾಲ್ಕು ಅಂಕ. ಆ ನಿಯಮಕ್ಕೆ 'ಲೆಗೆಟ್ ತಿದ್ದುಪಡಿ' ಎಂದೇ ಹೆಸರು. ಓದುಗರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಸಿರಿಲ್ ಮರೆತುಬಿಟ್ಟಿದ್ದ.

ಎಪ್ಪತ್ತೆಂಟನೇ ಇಸವಿಯ ವಸಂತದಲ್ಲಿ ಒಂದು ಬೆಳಿಗ್ಗೆ ಮನೆಯಲ್ಲಿ ಯುದ್ಧ ಶುರುವಾಯಿತು. ಕಾರಣ ಮಹಡಿಯ ಖಾಲಿ ಕೋಣೆ. (ಖಾಲಿ ಎಂದು ಕರೆಯುತ್ತಿದ್ದರು. ಒಳಗೆ ನೆಲದಿಂದ ಸೂರಿನವರೆಗೆ ಸಿರಿಲ್‌ನ ಫೋಟೊ ಪೆಟ್ಟಿಗೆಗಳು. ಬಾಗಿಲು ತೆರೆದರೆ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕು.) ಮ್ಯೂರಿಯಲ್ಲಳದ್ದು ಒಂದು ಉಣ್ಣೆ ಹೆಣೆಯುವ ಯಂತ್ರ. ಅದು ಕೂರುವುದು ಅಡಿಗೆಮನೆಯ ಮೇಜಿನ ಮೇಲೆ. ಊಟಕ್ಕೆ ಮುಂಚೆ ಬಿಚ್ಚಬೇಕು, ಊಟದ ಮೇಲೆ ಜೋಡಿಸಬೇಕು. ಅವಳು ಹೆಣೆದ ಸ್ವೆಟರುಗಳಿಗೆ ಊರಿನಲ್ಲಿ ಒಳ್ಳೆಯ ಹೆಸರಿತ್ತು, ಆದರೆ ಅವುಗಳಿಂದ ಸ್ವಲ್ಪ ಬೇಕನ್ ವಾಸನೆ ಬರುತ್ತದೆಂಬ ಮಾತೂ ಇತ್ತು.

ಅವತ್ತು ಅವಳು ಯಂತ್ರ ಬಿಚ್ಚಲಿಲ್ಲ. ಸಿರಿಲ್ ಟೋಸ್ಟನ್ನು ಕೈಯಲ್ಲಿ ಹಿಡಿದು ನಿಂತುಕೊಂಡೇ ತಿನ್ನಬೇಕಾಯಿತು.

"ರೀ, ಆ ರೂಮು ನನಗೆ ಬೇಕು," ಎಂದಳು.

"ಆ ರೂಮಲ್ಲಿ ಬ್ರಿಟಿಷ್ ವಾಯುಸೇನೆ ಇತಿಹಾಸ ಇದೆ ಕಣೇ!"

"ಇರಲಿ. ಶೆಡ್ಡಲ್ಲೂ ಇರಬಹುದು ಇತಿಹಾಸ. ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ."

"ಶೆಡ್ಡಲ್ಲಿ ಇಲಿ ಇದೆ."

"ಇಲಿಗಳು ಫೋಟೊ ನೋಡೋದಾದ್ರೂ ನೋಡ್ತಾವೆ. ನೀವು ಕಳೆದ ಸಲ ಪೆಟ್ಟಿಗೆ ತೆಗೆದಿದ್ದು ಯಾವಾಗ?"

ಸಿರಿಲ್ ಗಾಯಗೊಂಡವನ ಮುಖ ಮಾಡಿದ. ಮೂವತ್ತು ವರ್ಷಗಳ ತಪಸ್ಸು, ಇಡೀ ಜಿಲ್ಲೆಯಲ್ಲಿ ತನ್ನಂಥ ಕಣ್ಣು ಇನ್ನೊಬ್ಬರಿಗಿಲ್ಲ, ರೆಕ್ಕೆಯ ಮೊಳೆಗಳನ್ನು ನೋಡಿಯೇ ಯಾವ ಕಾರ್ಖಾನೆಯದ್ದೆಂದು ಹೇಳಬಲ್ಲವನು ತಾನು, ಇಷ್ಟನ್ನೂ ಟೋಸ್ಟ್ ಆರುವುದರೊಳಗೆ ಹೇಳಿ ಮುಗಿಸಿದ. "ನನ್ನ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ ಮ್ಯೂರಿಯಲ್. ಏನೂ!"

ಮ್ಯೂರಿಯಲ್ ಹೊಸ ಹಸಿರು ಸ್ವೆಟರ್ ಹಾಕಿಕೊಂಡು ಅವನೆದುರೇ ಕೂತಿದ್ದಳು. ಹಿಂದಿನ ದಿನ ಕ್ಷೌರದಂಗಡಿಗೆ ಹೋಗಿ ಕೂದಲನ್ನು ಬೇರೆ ಗಿಡ್ಡ ಮಾಡಿಸಿಕೊಂಡು ಬಂದಿದ್ದಳು. ಅವಳು ಸ್ವಲ್ಪ ಹೊತ್ತು ಕಾದಳು. ಏನೂ ಬರಲಿಲ್ಲ.

"ಸರಿ ಹಾಗಾದ್ರೆ," ಎಂದಳು. "ಪಂಥ ಕಟ್ಟೋಣ. ಈ ವರ್ಷ ಆ ದರಿದ್ರ ಗಾಲಿ ನೀವೇ ಗೆದ್ರೆ, ನಾನು ಸಾಯೋ ತನಕ ರೂಮಿನ ಸುದ್ದಿ ಎತ್ತಲ್ಲ. ಸೋತ್ರೆ, ಭಾನುವಾರದೊಳಗೆ ಪೆಟ್ಟಿಗೆ ಎಲ್ಲ ಶೆಡ್ಡಿಗೆ."

"ಸಾಯೋ ತನಕ?"

"ಸತ್ತ ಮೇಲೂ ಎತ್ತಲ್ಲ. ಸಾಕಾ?"

ಸಿರಿಲ್‌ಗೆ ಕುಣಿಯುವಷ್ಟು ಖುಷಿಯಾಯಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಹೆಂಡತಿ ಇಷ್ಟು ಪೆದ್ದ ವ್ಯವಹಾರಕ್ಕೆ ಕೈ ಹಾಕಿದ್ದೇ ಇಲ್ಲ. ಪಾಪ, ಅವಳಿಗೆ ಮೋಸ ಮಾಡಿದಂತಾಗುತ್ತದೇನೋ ಎಂದೂ ಒಂದು ಕ್ಷಣ ಅನ್ನಿಸಿತು. ಆ ಕ್ಷಣ ಕಳೆದ ಮೇಲೆ ಕೈ ಕುಲುಕಿದ.

ಸ್ಪರ್ಧೆಯ ದಿನ ಹಾಲು ತುಂಬಿತ್ತು. ಕೊನೆಯ ಫೋಟೊಗೊಂದು ಕಟ್ಟಳೆ ಇತ್ತು: ಅದು ಸದಸ್ಯರಲ್ಲದವರ ಮನೆಯಿಂದಲೇ ಬರಬೇಕು, ತಂದುಕೊಟ್ಟವರ ಹೆಸರು ಕಾರ್ಯದರ್ಶಿಗೆ ಮಾತ್ರ ಗೊತ್ತಿರಬೇಕು. ಕಾರ್ಯದರ್ಶಿ ಹೊರೇಸ್ ಡ್ರಿಂಗ್ ರೈಲ್ವೆಯಲ್ಲಿ ಸಿಗ್ನಲ್ ಎಳೆಯುತ್ತಿದ್ದು ನಿವೃತ್ತನಾದವನು. ಕೆಂಪು ಎಂದರೆ ಕೆಂಪು, ಹಸಿರು ಎಂದರೆ ಹಸಿರು, ನಡುವೆ ಸಡಿಲ ಇಲ್ಲ.

ಮೊದಲಿನ ಸುತ್ತುಗಳಲ್ಲಿ ಸಿರಿಲ್ ಮತ್ತು ಪಾಕ್‌ಲಿಂಗ್ಟನ್ ಬಿಟ್ಟು ಉಳಿದವರೆಲ್ಲ ಉದುರಿದರು. ಇಬ್ಬರೂ ಸಮ. ಡ್ರಿಂಗ್ ಗಂಟಲು ಸರಿಮಾಡಿಕೊಂಡು, "ಕೊನೇ ಫೋಟೊ. ಕೊಟ್ಟೋರು ಒಬ್ಬ ಮಹಿಳೆ. ಹೆಸರು ಹೇಳೋದು ಬೇಡ ಅಂದಿದ್ದಾರೆ," ಎಂದ. ದೀಪ ಆರಿತು. ಪರದೆಯ ಮೇಲೆ ಚಿತ್ರ ಬಂತು.

ಸಿರಿಲ್‌ನ ಎದೆ ಧಸಕ್ಕೆಂದಿತು.

ತಂತಿ ಬೇಲಿಯ ಆಚೆ ಹುಲ್ಲಿನ ಮೇಲೆ ಒಂದು ವಿಮಾನ. ಮೂತಿ ಅರ್ಧ, ಬಾಲ ಪೂರ್ತಿ. ನೋಡಿದ ಕೂಡಲೇ ಗೊತ್ತಾಯಿತು: ಅವ್ರೊ ಅಥೀನಾ! ಪೈಲಟ್ಟುಗಳ ತರಬೇತಿಗೆಂದು ಹುಟ್ಟಿ, ಎರಡು ಡಜನ್ ತುಂಬುವ ಮೊದಲೇ ನಿಂತುಹೋದ ನತದೃಷ್ಟ ತಳಿ. ಬ್ಯಾಲಿಯಲ್ ಎಂಬ ಇನ್ನೊಂದು ವಿಮಾನ ನೋಡಲು ಹೆಚ್ಚು ಕಡಿಮೆ ಇದರಂತೆಯೇ ಇದ್ದು ಅರೆಬರೆ ತಿಳಿದವರ ಮಾನ ಕಳೆಯುತ್ತದೆ. ಆದರೆ ಎದೆ ಧಸಕ್ಕೆಂದದ್ದು ಅದಕ್ಕಲ್ಲ. ಆ ಬೇಲಿ, ಆ ಹುಲ್ಲು, ಹಿಂದಿನ ಹ್ಯಾಂಗರಿನ ಆ ಮುರಿದ ಗಾಜು! ಇದು ಮ್ಯಾನ್‌ಬಿ ವಿಮಾನದಾಣ, ಐವತ್ತೊಂದನೇ ಇಸವಿ. ತಾನೇ ಅಲ್ಲಿ ನಿಂತಿದ್ದ ದಿನ. ಆ ದಿನ ತಾನು ತೆಗೆದ ಅಥೀನಾ ಚಿತ್ರ ಅವನ ಸಂಗ್ರಹದ ಮುಕುಟಮಣಿ. ಆ ಅಥೀನಾವನ್ನು ಅಲ್ಲಿ, ಹಾಗೆ, ಹಿಡಿದವನು ಭೂಮಿಯ ಮೇಲೆ ತಾನೊಬ್ಬನೇ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ನೋಡಿದರೆ ಇನ್ನೊಬ್ಬ ಇದ್ದಾನೆ! ಅದೇ ದಿನ, ಅದೇ ಬೇಲಿಯ ಹತ್ತಿರ, ಯಾವನೋ ಕಳ್ಳ!

ಆ ಕಳ್ಳನ ಚಿತ್ರವೋ, ದೇವರಿಗೇ ಪ್ರೀತಿ. ಸೊಟ್ಟಗಿತ್ತು. ಕೆಳಗಿನ ಮೂಲೆಯಲ್ಲಿ ಅವನ ಹೆಬ್ಬೆಟ್ಟು ಬಂದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಸರಿಯಾಗಿ ಚಕ್ರಗಳಿಗೆ ಅಡ್ಡವಾಗಿ, ಒಬ್ಬ ಹೆಂಗಸು ನಿಂತಿದ್ದಳು. ಉದ್ದ ಕೋಟು, ಗಾಳಿಗೆ ಹಾರದಂತೆ ತಲೆಯ ಮೇಲೆ ಒತ್ತಿ ಹಿಡಿದ ಟೋಪಿ, ಇನ್ನೊಂದು ಕೈ ಸೊಂಟದ ಮೇಲೆ. ಇಲ್ಲಿಂದ ಕದಲುವವಳಲ್ಲ ಎಂದು ಮುಖದಲ್ಲೇ ಬರೆದಿತ್ತು.

ಹಾಲಿನಲ್ಲಿ ಪಿಸುಮಾತು ಹರಿಯಿತು. ಯಾರೋ ಕಿಸಕ್ಕೆಂದರು. ಸಿರಿಲ್ ಅದಕ್ಕೆಲ್ಲ ಸೊಪ್ಪು ಹಾಕುವವನಲ್ಲ. ಚೀಟಿಯ ಮೇಲೆ ಗೀಚತೊಡಗಿದ. ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಮ್ಯೂರಿಯಲ್ ಬಂದಳು. ಬಂದವಳು ಪರದೆಯ ಮುಂದೆಯೇ ನಿಂತಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಒಂದು ಕೈಯನ್ನು ಸೊಂಟದ ಮೇಲೆ ಇಟ್ಟಳು. ಪರದೆಯ ಮೇಲೆ ಆ ಹೆಂಗಸು, ಅವಳ ಪಕ್ಕದಲ್ಲಿ ಇವಳು.

"ಚೆನ್ನಾಗಿ ನೋಡಿದ್ರಾ ರೀ?" ಎಂದಳು.

"ನೋಡ್ತಾ ಇದ್ದೀನಲ್ಲ."

"ಎಲ್ಲಾ ನೋಡಿದ್ರಾ?"

"ನೋಡೋಕೆ ಬಿಡ್ತೀಯಾ? ಒಂಚೂರು ಪಕ್ಕಕ್ಕೆ ಸರಿ ಮಾರಾಯ್ತಿ, ಅಡ್ಡ ನಿಂತಿದ್ದೀಯ!"

ಹಾಲಿನಲ್ಲಿ ಯಾರಿಗೋ ಕೆಮ್ಮು ಬಂತು. ಅದು ಅಂಟುರೋಗದ ಹಾಗೆ ಸಾಲಿನಿಂದ ಸಾಲಿಗೆ ಹಬ್ಬಿತು. ಮ್ಯೂರಿಯಲ್ ಪಕ್ಕಕ್ಕೆ ಸರಿದಳು.

ಇಬ್ಬರೂ ಚೀಟಿ ಮಡಚಿ ಡ್ರಿಂಗ್‌ನ ಕೈಗಿತ್ತರು. ಇನ್ನು ಬಾಕಿ ಇದ್ದದ್ದು ವಾದ ಮಂಡನೆ. ಉತ್ತರ ಹೇಗೆ ಹೊಳೆಯಿತೆಂದು ಎದ್ದು ನಿಂತು ಹೇಳುವುದು ಸಂಘದ ಪದ್ಧತಿ. ಸಿರಿಲ್‌ಗೆ ಇಡೀ ವರ್ಷದಲ್ಲಿ ಬಹಳ ಇಷ್ಟವಾದ ಗಳಿಗೆ ಅದು. ಕೋಟಿನ ಗುಂಡಿ ಹಾಕಿಕೊಂಡು ಎದ್ದ.

"ಇದು ಅಥೀನಾ. ಬ್ಯಾಲಿಯಲ್ ಅಂತ ಕೆಲವರಿಗೆ ಅನ್ನಿಸಬಹುದು," ಎಂದು ಪಾಕ್‌ಲಿಂಗ್ಟನ್ ಕಡೆ ಕರುಣೆಯಿಂದ ನೋಡಿದ. "ಜಾಗ ಮ್ಯಾನ್‌ಬಿ. ವರ್ಷ ಐವತ್ತೊಂದು. ಹೇಗೆ ಗೊತ್ತು ಅಂತೀರಾ? ಮಹನೀಯರೇ, ಆವತ್ತು ನಾನು ಅಲ್ಲೇ ಇದ್ದೆ!"

ಹಾಲು ನಿಶ್ಶಬ್ದವಾಯಿತು. ಸಿರಿಲ್ ಇದನ್ನು ಗೌರವವೆಂದು ತಿಳಿದ.

"ಒಂದು ಕಪ್ ಚಹಾ ಕುಡಿಯೋವಷ್ಟು ಹೊತ್ತು ಆ ವಿಮಾನವನ್ನ ಹೊರಗೆ ತಂದಿದ್ರು. ಆ ಗಳಿಗೆಗೆ ನಾನು ಸಿಕ್ಕಿದೆ. ಇಷ್ಟು ವರ್ಷ ನಾನೊಬ್ಬನೇ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಇನ್ನೊಬ್ಬನೂ ಅಲ್ಲಿ ಸುಳಿದಾಡ್ತಿದ್ದ! ಸರಿ, ಬಂದವನು ನೆಟ್ಟಗೆ ತೆಗೆದನಾ? ಕ್ಯಾಮೆರಾ ಸೊಟ್ಟ. ಹೆಬ್ಬೆಟ್ಟು ಒಳಗೆ. ಇದೆಲ್ಲ ಸಾಲದು ಅಂತ ಆ ಹೆಂಗಸನ್ನ ಗೇಟಿನ ಕಂಬದ ಹಾಗೆ ತಂದು ನಿಲ್ಲಿಸಿದ್ದಾನೆ. ಇಂಥ ಗಮಾರನ ಕೈಗೆ ಕ್ಯಾಮೆರಾ ಕೊಟ್ಟವರನ್ನ ಹೇಳಬೇಕು!"

ಡ್ರಿಂಗ್ ಕನ್ನಡಕದ ಮೇಲಿಂದ ನೋಡಿದ. "ಆವತ್ತು ಅಲ್ಲಿ ನಿನ್ನ ಜೊತೆ ಯಾರೂ ಇರಲಿಲ್ವಾ ಸಿರಿಲ್?"

"ಒಂದು ನರಪಿಳ್ಳೆಯೂ ಇರಲಿಲ್ಲ! ನಾನು, ನನ್ನ ಕ್ಯಾಮೆರಾ, ಅಥೀನಾ. ಅಷ್ಟೇ."

ಚಹಾ ಕಾಯಿಸುವ ಮೂಲೆಯಲ್ಲಿ ಚಮಚವೊಂದು ನೆಲಕ್ಕೆ ಬಿತ್ತು.

"ಚಿತ್ರದಲ್ಲಿರೋ ವ್ಯಕ್ತಿ?" ಎಂದ ಡ್ರಿಂಗ್. "ಅದಕ್ಕೂ ಒಂದು ಅಂಕ ಇದೆ. ನಿನ್ನದೇ ತಿದ್ದುಪಡಿ."

ಸಿರಿಲ್ ಕೈಯನ್ನು ಗಾಳಿಯಲ್ಲಿ ಆಡಿಸಿದ. "ಯಾರೋ ಅಲ್ಲಿನ ಕ್ಯಾಂಟೀನಿನವಳು. ಅಪರಿಚಿತ ಅಂತ ಬರೆದಿದ್ದೀನಿ. ಅವಳ ಹೆಸರು ಅವಳ ಗಂಡನಿಗಾದ್ರೂ ಗೊತ್ತಿತ್ತೋ ಇಲ್ವೋ! ಆ ಮುಖ ನೋಡಿ, ಮದುವೆ ಮಾಡ್ಕೊಂಡ ಪುಣ್ಯಾತ್ಮನ ಗತಿ ನೆನೆಸಿಕೊಂಡ್ರೆ ನನಗೆ ಅಯ್ಯೋ ಅನ್ನಿಸತ್ತೆ."

ಹೀಗೆಂದು ಅವನು ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನವರೆಲ್ಲ ತಮ್ಮ ತಮ್ಮ ಬೂಟುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಪಾಕ್‌ಲಿಂಗ್ಟನ್ ನಿಧಾನವಾಗಿ ಎದ್ದ. ದಪ್ಪ ಮನುಷ್ಯ, ಮಾತು ಕಮ್ಮಿ. "ನಾನು ನಿಜ ಹೇಳ್ತೀನಿ," ಎಂದ. "ವಿಮಾನ ನನಗೆ ಗೊತ್ತಾಗಲಿಲ್ಲ. ಅಥೀನಾನೋ ಬ್ಯಾಲಿಯಲ್ಲೋ, ಚಕ್ರ ಕಂಡಿದ್ರೆ ಹೇಳಬಹುದಿತ್ತೇನೋ. ಅದಕ್ಕೇ, ಏನು ಕಾಣತ್ತೋ ಅದನ್ನ ನೋಡಿದೆ. ಕಂಡಿದ್ದು ನಮ್ಮ ಮ್ಯೂರಿಯಲ್."

ಸಿರಿಲ್ ನಕ್ಕ. ಪಾಪ, ಸೋಲುವ ಭಯಕ್ಕೆ ಕಸಾಯಿಗೆ ತಲೆ ಕೆಟ್ಟಿದೆ.

"ಶುಕ್ರವಾರ ಶುಕ್ರವಾರ ಸಾಸೇಜು ಕೊಡೋವಾಗ ನೋಡೋ ಮುಖ," ಎಂದು ಪಾಕ್‌ಲಿಂಗ್ಟನ್ ಮುಂದುವರಿಸಿದ. "ಕೊಬ್ಬು ಜಾಸ್ತಿ ಇದ್ರೆ ಹೀಗೇ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ತಾಳೆ. ಮ್ಯೂರಿಯಲ್ ಅಂತ ಆದ ಮೇಲೆ ಬಾಕಿ ಸುಲಭ. ಇವಳ ಮದುವೆ ಐವತ್ತೊಂದರಲ್ಲಿ. ಮಾಂಸಕ್ಕೆ ರೇಷನ್ ಇದ್ದ ಕಾಲ, ಊಟಕ್ಕೆ ಹ್ಯಾಮ್ ಹೊಂದಿಸಿಕೊಟ್ಟಿದ್ದು ನಮ್ಮಪ್ಪ. ಆ ಕೋಟು ಮದುವೆಗೆ ಹೊಲಿಸಿದ್ದು. ಮಧುಚಂದ್ರಕ್ಕೆ ಹೋಗಿದ್ದು ಮೇಬಲ್‌ಥಾರ್ಪ್ ಸಮುದ್ರ ತೀರಕ್ಕೆ. ಅಲ್ಲಿಂದ ಬಸ್ಸು ಹತ್ತಿದ್ರೆ ಮ್ಯಾನ್‌ಬಿ. ಕಟ್ಕೊಂಡವನು ಸಿರಿಲ್ ಅಂದ ಮೇಲೆ ಬಸ್ಸು ಹತ್ತಿಸದೇ ಬಿಟ್ಟಿರ್ತಾನಾ? ಆ ವರ್ಷ ಮ್ಯಾನ್‌ಬಿಯಲ್ಲಿ ಈ ಥರದ್ದು ಇದ್ದಿದ್ದು ಅಥೀನಾ. ಹಾಗಾಗಿ ಅಥೀನಾ ಅಂತ ಬರೆದೆ. ಅಷ್ಟೇ ಸ್ವಾಮಿ."

ಮೂವತ್ತು ವರ್ಷಗಳ ಸಂಘದ ಇತಿಹಾಸದಲ್ಲಿ ಹೆಂಡತಿಯನ್ನು ನೋಡಿ ವಿಮಾನ ಗುರುತಿಸಿದವನು ಅವನೊಬ್ಬನೇ. ಅದೂ ಬೇರೆಯವರ ಹೆಂಡತಿಯನ್ನು.

ಸಿರಿಲ್ ಪರದೆ ನೋಡಿದ. ಚಹಾದ ಮೂಲೆ ನೋಡಿದ. ಮತ್ತೆ ಪರದೆ ನೋಡಿದ. ಮೊಳೆ ನೋಡಿ ಕಾರ್ಖಾನೆ ಹೇಳುವ ಆ ಕಣ್ಣು ಬಾಲದಿಂದ ಮೂತಿಗೆ ಬಂದು, ಮೂತಿಯಿಂದ ಮೊದಲ ಬಾರಿಗೆ ಸ್ವಲ್ಪ ಎಡಕ್ಕೆ ಜರುಗಿತು. ಕೋಟು. ಟೋಪಿ. ಗಲ್ಲದ ಆ ಹಠ. ಅಯ್ಯೋ ದೇವರೇ, ಹೌದು!

ಇಲ್ಲಿ ಸುಮ್ಮನೆ ಕೂತಿದ್ದರೆ ಅವನು ಒಂದು ರೂಮನ್ನು ಮಾತ್ರ ಕಳೆದುಕೊಳ್ಳುತ್ತಿದ್ದ. ಆದರೆ ತಜ್ಞನ ತಲೆ ಒಂದೇ ದಾರಿಯಲ್ಲಿ ಓಡುತ್ತದೆ. ಚಿತ್ರ ಇದೆ ಎಂದ ಮೇಲೆ ತೆಗೆದವನು ಇರಬೇಕು. ಆ ಕಳ್ಳ! ಸಿರಿಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಮುಖ ಕೆಂಪಾಗಿತ್ತು.

"ಮ್ಯೂರಿಯಲ್!" ಎಂದು ಕೂಗಿದ. "ಆವತ್ತು ಅಲ್ಲಿ ನಿನ್ನ ಜೊತೆ ಯಾವನಿದ್ದ?"

ಮೆಥಡಿಸ್ಟ್ ಚರ್ಚಿನ ಆ ಹಾಲಿನಲ್ಲಿ ಅಂಥ ಪ್ರಶ್ನೆ ಹಿಂದೆಂದೂ ಕೇಳಿಬಂದಿರಲಿಲ್ಲ. ಪಾದ್ರಿಯ ಹೆಂಡತಿ ಬಿಸ್ಕತ್ತಿನ ಡಬ್ಬ ಎದೆಗವಚಿಕೊಂಡಳು.

ಮ್ಯೂರಿಯಲ್ ಕೈಯಲ್ಲಿದ್ದ ಕೆಟಲನ್ನು ಇಳಿಸಿದಳು. "ನೀವೇ ರೀ," ಎಂದಳು.

"ನಾನು ಇಂಥ ದರಿದ್ರ ಫೋಟೊ ತೆಗೆಯೋವನಾ?"

"ಮೊದಲು ತೆಗೆದಿದ್ದು ಇದೇ. ತೊಳೆಸಿ ತಂದ ಮೇಲೆ ಕೆಟ್ಟುಹೋಗಿದೆ ಅಂತ ಕಸದ ಬುಟ್ಟಿಗೆ ಹಾಕಿದ್ರಿ. ನಾನು ಎತ್ತಿಟ್ಕೊಂಡೆ. ನಮ್ಮ ಮಧುಚಂದ್ರದಲ್ಲಿ ನನ್ನದು ಅಂತ ಇರೋದು ಇದೊಂದೇ. ಬೇಕಾದ್ರೆ ಆ ಹೆಬ್ಬೆಟ್ಟು ನೋಡಿ."

ಎಲ್ಲರೂ ಹೆಬ್ಬೆಟ್ಟು ನೋಡಿದರು. ಪರದೆಯ ಮೂಲೆಯಲ್ಲಿ ಒಂದು ದೊಡ್ಡ ಹೆಬ್ಬೆಟ್ಟು, ಉಗುರು ನಡುವೆ ಸೀಳಿ ಎರಡಾಗಿತ್ತು. ಬಳಿಕ ಎಲ್ಲರೂ ಸಿರಿಲ್‌ನ ಎಡಗೈ ನೋಡಿದರು. ಸಿರಿಲ್ ಅದನ್ನು ಜೇಬಿಗೆ ಹಾಕಿಕೊಂಡ. ತಡವಾಗಿತ್ತು.

"ಆಮೇಲೆ ನೀವು 'ಒಂಚೂರು ಪಕ್ಕಕ್ಕೆ ಸರಿ, ಅಡ್ಡ ನಿಂತಿದ್ದೀಯ' ಅಂದ್ರಿ," ಎಂದಳು ಮ್ಯೂರಿಯಲ್. ದನಿ ಏರಿರಲಿಲ್ಲ, ಅದೇ ಕಷ್ಟವಾಗಿದ್ದು. "ಸರಿದೆ. ಆವತ್ತಿಂದ ಪಕ್ಕದಲ್ಲೇ ಇದ್ದೀನಿ."

ಡ್ರಿಂಗ್ ಮಾತ್ರ ವಿಚಲಿತನಾಗಲಿಲ್ಲ. ಚೀಟಿಗಳನ್ನು ಬಿಡಿಸಿ ಓದಿದ. ಲೆಗೆಟ್‌ಗೆ ಮೂರು ಅಂಕ, ಪಾಕ್‌ಲಿಂಗ್ಟನ್‌ಗೆ ನಾಲ್ಕು. ಲೆಗೆಟ್ ತಿದ್ದುಪಡಿ ಪ್ರಕಾರ ಗಾಲಿ ಪಾಕ್‌ಲಿಂಗ್ಟನ್‌ಗೆ. ಚಪ್ಪಾಳೆ ಬಹಳ ಹೊತ್ತು ನಡೆಯಿತು, ಹೆಂಡಂದಿರ ಮೂಲೆಯಿಂದ ಎಲ್ಲಕ್ಕಿಂತ ಜೋರಾಗಿ.

ಭಾನುವಾರದೊಳಗೆ ಪೆಟ್ಟಿಗೆಗಳು ಶೆಡ್ಡಿಗೆ ಹೋದವು. ಹೊತ್ತವನು ಸಿರಿಲ್. ಮ್ಯೂರಿಯಲ್ ಏನೂ ಹಂಗಿಸಲಿಲ್ಲ. ಚಹಾ ಮಾಡಿಕೊಟ್ಟಳು, ಜಾರೀತು ಹುಷಾರು ಎಂದಳು. ಹಂಗಿಸಿದ್ದರೆ ಅವನಿಗೂ ಬೈಯಲು ಒಂದು ದಾರಿ ಇರುತ್ತಿತ್ತು. ಕೊನೆಯ ಪೆಟ್ಟಿಗೆಯಲ್ಲಿ ಅವನ ಮುಕುಟಮಣಿ ಸಿಕ್ಕಿತು, ಪಕ್ಕಕ್ಕೆ ಸರಿಸಿದ ಮೇಲೆ ತೆಗೆದ ಆ ಸ್ವಚ್ಛ ಅಥೀನಾ. ಮೆಟ್ಟಿಲ ಮೇಲೆ ಕೂತು ನೋಡಿದ. ಹುಲ್ಲಿನ ಮೇಲೆ ಅಂಚಿನಲ್ಲಿ ಒಂದು ಕಪ್ಪು ಕಲೆ. ಅದು ಎಂಜಿನ್ ಎಣ್ಣೆ ಸೋರಿದ ಗುರುತೆಂದು ಅವನು ಒಮ್ಮೆ ಸಂಘದಲ್ಲಿ ಉಪನ್ಯಾಸವನ್ನೇ ಕೊಟ್ಟಿದ್ದ. ಈಗ ಬೆಳಕಿಗೆ ಹಿಡಿದು ನೋಡಿದರೆ ಎಣ್ಣೆಯಲ್ಲ, ನೆರಳು. ಟೋಪಿ ಒತ್ತಿ ಹಿಡಿದ ಕೈಯ ನೆರಳು. ಸಿರಿಲ್‌ಗೆ ನಿಜಕ್ಕೂ ದುಃಖವಾಯಿತು. ಗಾಲಿ ಹೋದದ್ದಕ್ಕಲ್ಲ. ಇಷ್ಟು ವರ್ಷ ಅವಳು ಚಿತ್ರದಲ್ಲೇ ಇದ್ದಳಲ್ಲ ಎಂದು.

ಆಗಲೇ ಅವನು ಒಂದು ನಿರ್ಧಾರಕ್ಕೆ ಬಂದ. ಹೆಂಡತಿಯ ಒಂದು ಫೋಟೊ ತೆಗೆಯಬೇಕು. ಹಿಂದೆ ಮುಂದೆ ಯಾವ ಯಂತ್ರವೂ ಇಲ್ಲದೆ, ಅವಳೊಬ್ಬಳದ್ದೇ.

ಮ್ಯೂರಿಯಲ್ ಮೊದಲು ಬೇಡವೆಂದಳು, ಆಮೇಲೆ ಹೋಗಿ ಮದುವೆ ಕಾಲದ ಆ ಟೋಪಿಯನ್ನೇ ಹುಡುಕಿ ಹಾಕಿಕೊಂಡು ಬಂದಳು. ಹಿತ್ತಿಲಲ್ಲಿ ಗುಲಾಬಿ ಗಿಡದ ಪಕ್ಕ ನಿಂತಳು. ನಗುತ್ತಿದ್ದಳು. ಎಷ್ಟು ಚೆನ್ನಾಗಿದ್ದಾಳೆ ಎಂದು ಸಿರಿಲ್‌ಗೆ ಅನ್ನಿಸಿತು, ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟ. ಮ್ಯೂರಿಯಲ್ ಕೆಂಪಾದಳು. "ಸಾಕು, ತೆಗೀರಿ ಬೇಗ," ಎಂದಳು. ಅವನು ಹೆಬ್ಬೆಟ್ಟನ್ನು ಜೋಪಾನವಾಗಿ ಹಿಂದಕ್ಕೆ ಸರಿಸಿ, ಕ್ಯಾಮೆರಾ ನೆಟ್ಟಗೆ ಹಿಡಿದು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

ಹತ್ತು ದಿನ ಬಿಟ್ಟು ಫೋಟೊ ತೊಳೆದು ಬಂತು. ಮ್ಯೂರಿಯಲ್ ತನ್ನ ಹೊಸ ಕೋಣೆಯಲ್ಲಿ ಹೆಣಿಗೆ ಯಂತ್ರದ ಮುಂದೆ ಕೂತು ಲಕೋಟೆ ಬಿಡಿಸಿದಳು. ಸಿರಿಲ್ ಬಾಗಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದ.

ಅಪರೂಪದ ಚಿತ್ರ. ನೆಟ್ಟಗಿತ್ತು, ಸ್ಪಷ್ಟವಾಗಿತ್ತು, ಹೆಬ್ಬೆಟ್ಟು ಇರಲಿಲ್ಲ. ಚಿತ್ರದ ತುಂಬ ನೀಲಿ ಆಕಾಶ. ಆಕಾಶದ ನಟ್ಟನಡುವೆ, ಯಾವುದೋ ಪ್ರದರ್ಶನಕ್ಕೆ ಹೊರಟು ಆ ಗಳಿಗೆಗೆ ಸರಿಯಾಗಿ ಹಿತ್ತಿಲ ಮೇಲೆ ಹಾದುಹೋದ, ಒಂದರ ಮೇಲೊಂದು ರೆಕ್ಕೆಯ ಹಳೇ ಸ್ವೋರ್ಡ್‌ಫಿಶ್ ವಿಮಾನ. ಪ್ರತಿ ತಂತಿಯೂ ಎಣಿಸುವಂತಿತ್ತು. ಕೆಳಗಿನ ಅಂಚಿನಲ್ಲಿ ಟೋಪಿಯ ಒಂದು ಪುಕ್ಕ.

ಮ್ಯೂರಿಯಲ್ ಬಹಳ ಹೊತ್ತು ನೋಡಿದಳು. ಫೋಟೊ ತಿರುಗಿಸಿದಳು. ಹಿಂದುಗಡೆ ಸಿರಿಲ್ ಆಗಲೇ ತನ್ನ ತಿದ್ದುಪಡಿಯ ಪ್ರಕಾರ ನಾಲ್ಕೂ ಸಂಗತಿಗಳನ್ನು ದುಂಡಗೆ ಬರೆದಿಟ್ಟಿದ್ದ. ಈ ಸಲ ಮರೆಯಬಾರದೆಂದು ವ್ಯಕ್ತಿಯ ಹೆಸರನ್ನೇ ಎಲ್ಲಕ್ಕಿಂತ ಮೇಲೆ ಹಾಕಿದ್ದ:

'ಮ್ಯೂರಿಯಲ್ (ಭಾಗಶಃ).'